ಕನ್ನಡಕ್ಕೆ ಇಂಗ್ಲಿಷ್ ಅಕ್ಷರ ಅಂಟಿಕೊಂಡಿದ್ದು ಹೇಗೆ?

ನವೆಂಬರ್ ಬಂತೆಂದರೆ ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಗಳ ಗ್ಯಾರಂಟಿ. ಯಾರೋ ಒಬ್ಬರು ರಾಜ್ಯೋತ್ಸವದ ಶುಭಾಶಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಹಾಕುತ್ತಾರೆ. "ಇವತ್ತೊಂದು ದಿನವಾದರೂ ಕನ್ನಡದಲ್ಲಿ ಬರೀಬಾರದಾ ಸಾರ್?" ಎಂದು ಇನ್ನೊಬ್ಬರು ಕೇಳುತ್ತಾರೆ. ಬರೆದವರಿಗೆ ಬೇಜಾರು. ಅವರು ಬರೆದದ್ದೂ ಕನ್ನಡವೇ, ಅಲ್ವಾ?

ಇದನ್ನು ಭಾಷಾಭಿಮಾನದ ಪ್ರಶ್ನೆ ಮಾಡಿ ಕೂತರೆ ಜಗಳ ಮುಗಿಯುವುದಿಲ್ಲ. ಇಂಟರ್ನೆಟ್ ಈ ಊರಿಗೆ ಬಂದಾಗ ಕನ್ನಡ ಲಿಪಿಗೆ ಅಲ್ಲಿ ಸರಿಯಾದ ಜಾಗ ಇರಲಿಲ್ಲ. ಜಾಗ ಸಿಗುವ ಹೊತ್ತಿಗೆ ಒಂದು ತಲೆಮಾರಿನ ಬೆರಳುಗಳಿಗೆ ಬೇರೆಯೇ ರೂಢಿ ಆಗಿತ್ತು. ನನಗೆ ಕಾಣುವ ಮಟ್ಟಿಗೆ ವಿಷಯ ಇಷ್ಟೇ.

ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್ಸೆನ್ನೆಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ರಂದು. ಮೊದಲು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ. ಬೆಂಗಳೂರಿನ ಸರದಿ ಆಮೇಲೆ. ಟಾಟಾ ಇನ್‌ಸ್ಟಿಟ್ಯೂಟಿನವರಿಗೆ (ಐಐಎಸ್ಸಿ) ಅರ್ನೆಟ್ ಎಂಬ ಜಾಲ ಅದಕ್ಕೂ ಮುಂಚೆಯೇ ಇತ್ತು, ಆದರೆ ಅದು ಕ್ಯಾಂಪಸ್ಸಿನ ಗೇಟು ದಾಟಿ ಹೊರಗೆ ಬರಲಿಲ್ಲ. ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಅಗ್ಗದ ಖಾತೆಯಲ್ಲಿ ಚಿತ್ರ ಕಾಣುತ್ತಿರಲಿಲ್ಲ. ಕಪ್ಪು ತೆರೆಯ ಮೇಲೆ ಬರೀ ಅಕ್ಷರ, ಅದೂ ಇಂಗ್ಲಿಷ್ ಅಕ್ಷರ. ಅಮೆರಿಕದಲ್ಲಿರುವ ಅಣ್ಣನಿಗೆ ಕನ್ನಡದಲ್ಲಿ ಎರಡು ಮಾತು ಬರೆಯಬೇಕು ಎಂದರೆ ಇದ್ದದ್ದು ಅದೊಂದೇ ದಾರಿ.

1996ರ ಜುಲೈನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಅಂಗಡಿ ತೆರೆಯಿತು. ಕಾಫಿ ಕುಡಿಯುತ್ತಾ ಇಂಟರ್ನೆಟ್ ನೋಡುವ ಸೈಬರ್ ಕೆಫೆಯಾಗಿಯೇ ಅದು ಶುರುವಾಗಿದ್ದು. 1998ರ ಕೊನೆಗೆ ಖಾಸಗಿ ಕಂಪನಿಗಳಿಗೂ ಸೇವೆ ಕೊಡಲು ಅವಕಾಶ ಸಿಕ್ಕ ಮೇಲೆ ದರ ಇಳಿಯುತ್ತಾ ಬಂತು. ಮಲ್ಲೇಶ್ವರ, ರಾಜಾಜಿನಗರ, ಜಯನಗರದ ಅಡ್ಡರಸ್ತೆಗಳಲ್ಲೂ 'ಸೈಬರ್' ಹುಟ್ಟಿಕೊಂಡಿತು. ಎಸ್‌ಟಿಡಿ ಬೂತು, ಜೆರಾಕ್ಸ್ ಅಂಗಡಿ, ಅದರ ಹಿಂದೆ ಪ್ಲೈವುಡ್ ಅಡ್ಡ ಇಟ್ಟು ಮಾಡಿದ ನಾಲ್ಕೈದು ಗೂಡು. ಸಿಇಟಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮಗನ ನಂಬರು ಬರೆದ ಚೀಟಿ ಹಿಡಿದು ನಿಂತ ಅಪ್ಪಂದಿರಿಗೆ ಇಂಟರ್ನೆಟ್ಟಿನ ಮೊದಲ ದರ್ಶನ ಆಗಿದ್ದು ಅಲ್ಲೇ. 2004ರಲ್ಲಿ ರಾಜ್ಯ ಸರ್ಕಾರ ಸೈಬರ್ ಕೆಫೆಗಳಿಗೆಂದೇ ನಿಯಮ ತಂದ ಮೇಲೆ ಗುರುತಿನ ಚೀಟಿ, ಹೆಸರು ಬರೆಯುವ ರಿಜಿಸ್ಟರ್ ಎಲ್ಲ ಬಂದವು.

ಆ ಗೂಡಿನ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಕನ್ನಡ ಇರುತ್ತಿರಲಿಲ್ಲ. ಇದ್ದರೂ ನಿಮ್ಮ ಸ್ನೇಹಿತನ ಕಂಪ್ಯೂಟರಿನಲ್ಲಿ ಇರಬೇಕಲ್ಲ!

ಹಾಗಂತ ಕನ್ನಡದವರು ಕೈಕಟ್ಟಿ ಕೂತಿರಲಿಲ್ಲ. ಕೆ.ಪಿ. ರಾವ್ ಆ ಹೊತ್ತಿಗಾಗಲೇ ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡಿದ್ದರು. ಎಷ್ಟು ಜಾಣತನದ ಕೆಲಸ ಅಂತೀರಾ! ಎಫ್ ಕೀಲಿಗೆ ಒತ್ತಕ್ಷರ ಮೂಡಿಸುವ ಕೆಲಸ ಕೊಟ್ಟರು. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಸಲ ಒತ್ತಿದರೆ ಸಾಕು. ಇಂಗ್ಲಿಷ್ ಅಕ್ಷರದಲ್ಲಿ ಅದೇ ಪದಕ್ಕೆ ಏಳು ಬೇಕು. 1996ರ ಡಿಸೆಂಬರಿನಲ್ಲಿ ಯು.ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಇಂಟರ್ನೆಟ್ ಪತ್ರಿಕೆ ಶುರು ಮಾಡಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು, ಅದೂ ಪುಕ್ಕಟೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಗೆ ಹೊಕ್ಕಿತು.

ತೊಂದರೆ ಇದ್ದದ್ದು ಒಳಗೆ. ಆಗಿನ ತಂತ್ರಾಂಶಗಳು ಕಂಪ್ಯೂಟರಿಗೆ ಕನ್ನಡ ಕಲಿಸಿರಲಿಲ್ಲ, ಸುಮ್ನೆ ವೇಷ ಹಾಕಿಸಿದ್ದವು. ಇಂಗ್ಲಿಷಿನ ಒಂದೊಂದು ಚಿಹ್ನೆಯ ಜಾಗದಲ್ಲಿ ಕನ್ನಡ ಅಕ್ಷರದ ಒಂದೊಂದು ತುಂಡಿನ ಚಿತ್ರ ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ವೇಷ ಕಳಚಿ ಬೀಳುತ್ತಿತ್ತು. ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಹೀಗೆ: ಒಂದು ಪಿ, ತಲೆಯ ಮೇಲೆ ಗೀಟಿರುವ ಒಂದು ಎ, ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಆಮೇಲೆ ಇನ್ನೊಂದಿಷ್ಟು ಚಿತ್ರವಿಚಿತ್ರ ಗುರುತು. ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ಸರಿಯಾಗಿ ಕಾಣುವ ಖಾತ್ರಿಯೂ ಇರಲಿಲ್ಲ. ಪತ್ರ ಕಳಿಸುವ ಮುಂಚೆ "ನಿನ್ನ ಹತ್ತಿರ ಯಾವ ಫಾಂಟ್ ಇದೆ?" ಎಂದು ಇಂಗ್ಲಿಷಿನಲ್ಲಿ ಕೇಳಬೇಕಾದ ಕಾಲ ಅದು. ಇಷ್ಟು ಪಾಡು ಯಾರಿಗೆ ಬೇಕು?

ಇದಕ್ಕೆ ಮದ್ದು ಅಷ್ಟರಲ್ಲಾಗಲೇ ಇತ್ತು ಅನ್ನುವುದೇ ತಮಾಷೆ. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡ ಇತ್ತು. ಆದರೆ ಕಾಗದದ ಮೇಲಿನ ನಿಯಮ ಮನೆಯ ಕಂಪ್ಯೂಟರಿಗೆ ಇಳಿಯಲು ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟ್ ಇತ್ತು. ಅದನ್ನು ಎಬ್ಬಿಸಲು ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು, ಆಮೇಲೆ ವಿಂಡೋಸ್ ಸಿಡಿ ಹಾಕಬೇಕಿತ್ತು. ಸೈಬರಿನ ಹುಡುಗನನ್ನು ಸಿಡಿ ಕೇಳಿದರೆ ಅವನು ನಿಮ್ಮನ್ನೇ ಅನುಮಾನದಿಂದ ನೋಡುತ್ತಿದ್ದ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಓದಲು ಹೋದ ಎಷ್ಟೋ ಜನರಿಗೆ ಕಂಡಿದ್ದು ಸಾಲುಸಾಲು ಚೌಕ.

ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿತ್ತು. ಇಂಗ್ಲಿಷ್ ಅಕ್ಷರದ ರೂಢಿಯನ್ನು ಗಟ್ಟಿ ಮಾಡಿದ್ದು ಕಂಪ್ಯೂಟರಿಗಿಂತ ಜಾಸ್ತಿ ಈ ಎಸ್ಸೆಮ್ಮೆಸ್ಸೇ ಎಂದು ನಾನು ಹೇಳುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಕನ್ನಡದಲ್ಲಿ ಬರೆದರೆ 70 ಮಾತ್ರ. ಆ ಎಪ್ಪತ್ತರಲ್ಲೂ ನಾವು ಒಂದು ಅಕ್ಷರ ಅಂದುಕೊಳ್ಳುವುದನ್ನು ಫೋನ್ ಒಂದು ಎಂದು ಎಣಿಸುವುದಿಲ್ಲ. ಸ್ವರಚಿಹ್ನೆಗೆ ಒಂದು, ಒತ್ತು ಸೇರಿಸುವ ಗುರುತಿಗೆ ಇನ್ನೊಂದು. 'ಸ್ತ್ರೀ' ಎಂಬ ಒಂದೇ ಒಂದು ಅಕ್ಷರ ಆರು ಜಾಗ ತಿನ್ನುತ್ತದೆ. 'ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು' ಎಂದರೆ 30 ಖರ್ಚು. ಬೇವು ಬೆಲ್ಲದ ಒಂದು ಸಾಲು ಸೇರಿಸಿ, ಮನೆಯವರ ಹೆಸರು ಹಾಕುವಷ್ಟರಲ್ಲಿ ಅದು ಎರಡು ಮೆಸೇಜ್ ಆಗುತ್ತಿತ್ತು, ಕಾಸೂ ಎರಡು ಪಟ್ಟು. ಅದರ ಮೇಲೆ ದೀಪಾವಳಿ, ಹೊಸ ವರ್ಷದಂಥ ದಿನಗಳಲ್ಲಿ ಕಂಪನಿಗಳು ಪುಕ್ಕಟೆ ಎಸ್ಸೆಮ್ಮೆಸ್ ನಿಲ್ಲಿಸುತ್ತಿದ್ದವು. ಪಡೆದವರ ಫೋನಿನಲ್ಲಿ ಕನ್ನಡ ಇಲ್ಲದಿದ್ದರೆ ಮತ್ತೆ ಅದೇ ಚೌಕ. ಲೆಕ್ಕ ಬಲ್ಲ ಯಾರು ತಾನೇ ಕನ್ನಡ ಲಿಪಿಯಲ್ಲಿ ಕಳಿಸುತ್ತಿದ್ದರು? ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ ಬಂದಾಗ ಕಾಲೇಜು ಹುಡುಗರು ಎಸ್ಸೆಮ್ಮೆಸ್ಸಿನ ಬೆರಳುಗಳನ್ನೇ ಅಲ್ಲಿಗೂ ಒಯ್ದರು.

ಇನ್ನೊಂದು ರೂಢಿಯೂ ಇದೇ ಕಾಲದ್ದು: ಬಂದದ್ದನ್ನು ಹಾಗೇ ಮುಂದೆ ತಳ್ಳುವುದು. ಫಾರ್ವರ್ಡ್ ಮಾಡಲು ಲಿಪಿ ಬೇಡ, ಕೀಲಿಮಣೆ ಬೇಡ, ಯೋಚನೆಯಂತೂ ಬೇಡವೇ ಬೇಡ. ಅದರ ಬೆಲೆ ಏನು ಎಂದು ಈ ಊರು 2012ರ ಆಗಸ್ಟಿನಲ್ಲಿ ನೋಡಿತು. ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯಲಿದೆ ಎಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಸಿಟಿ ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ಸನ್ನು ಒಟ್ಟಿಗೆ ಕಳಿಸುವುದನ್ನು ಕೇಂದ್ರ ಸರ್ಕಾರ 15 ದಿನ ನಿಷೇಧಿಸಿತು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ಬಗ್ಗೆ ವಾಟ್ಸಾಪಿನಲ್ಲಿ ಓಡಾಡುತ್ತಿದ್ದ ಸುಳ್ಳನ್ನು ನಂಬಿ, ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಅದೇ ವರ್ಷದ ಜುಲೈನಲ್ಲಿ, ದೇಶದ ಹಲವು ಕಡೆ ಇಂಥ ಸಾವುಗಳಾದ ಮೇಲೆ, ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆಗೆ ಫಾರ್ವರ್ಡ್ ಎಂದು ವಾಟ್ಸಾಪ್ ಮಿತಿ ಹಾಕಿತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಕೈಗೆಟುಕುವ ಫೋನುಗಳಲ್ಲೂ ಅಷ್ಟೊತ್ತಿಗೆ ಕನ್ನಡ ನೆಟ್ಟಗೆ ಕಾಣುತ್ತಿತ್ತು. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡದ ಮಾತನ್ನು ಕೇಳಿಸಿಕೊಂಡು ಬರೆಯಲು ಶುರು ಮಾಡಿತು. ಈಗ ಊರಿನ ಅತ್ತೆ, ಚಿಕ್ಕಮ್ಮಂದಿರು ಮೈಕಿನ ಗುರುತು ಒತ್ತಿ ಎರಡು ನಿಮಿಷ ಮಾತಾಡಿ ಕಳಿಸುತ್ತಾರೆ. ಯಾವ ಲಿಪಿಯ ಹಂಗೂ ಇಲ್ಲ. 2021ರ ಜೂನಿನಲ್ಲಿ ಗೂಗಲ್ ಹುಡುಕಾಟದ ಉತ್ತರವೊಂದು ಕನ್ನಡವನ್ನು ಅವಮಾನಿಸುವಂತೆ ತೋರಿಸಿದಾಗ ಜನ ಆನ್‌ಲೈನ್‌ನಲ್ಲೇ ತಿರುಗಿಬಿದ್ದರು, ಕಂಪನಿ ಕ್ಷಮೆ ಕೇಳಿತು.

ಹಳೇ ರೂಢಿ ಏನಾಯಿತು? ಹೋಗಿಲ್ಲ, ತೆರೆಯ ಹಿಂದೆ ಸರಿದಿದೆ. ಇವತ್ತು ಫೋನಿನಲ್ಲಿ ಕನ್ನಡ ಬರೆಯುವ ಬಹಳ ಜನ ಒತ್ತುವುದು ಇಂಗ್ಲಿಷ್ ಕೀಲಿಗಳನ್ನೇ. ಕನ್ನಡ ಅಕ್ಷರಕ್ಕೆ ತಿರುಗಿಸುವ ಕೆಲಸ ಫೋನಿನದ್ದು. ಕೆ.ಪಿ. ರಾವ್ ವಿನ್ಯಾಸ ಕಚೇರಿಗಳಲ್ಲಿ, ಡಿಟಿಪಿ ಮೇಜುಗಳ ಮೇಲೆ ಉಳಿದಿದೆ.

ವೇಷದ ಫಾಂಟುಗಳೂ ಪೂರ್ತಿ ಹೋಗಿಲ್ಲ. ಸುಲ್ತಾನಪೇಟೆಯ ಕಡೆ ಮದುವೆ ಕಾರ್ಡು ಮಾಡಿಸಲು ಹೋದರೆ ಗೊತ್ತಾಗುತ್ತದೆ. ನೀವು ವಾಟ್ಸಾಪಿನಲ್ಲಿ ಕಳಿಸುವ ಒಕ್ಕಣೆ ಯೂನಿಕೋಡ್. ಡಿಟಿಪಿಯವರ ಬಳಿ ಇನ್ನೂ ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್ ಇದ್ದರೆ ಅದಕ್ಕೆ ಯೂನಿಕೋಡ್ ಗೊತ್ತಿಲ್ಲ, ಪರಿವರ್ತಕಕ್ಕೆ ಹಾಕಿ ನುಡಿಗೆ ಇಳಿಸಬೇಕು. ಎಡವಟ್ಟಾಗುವುದು ಅರ್ಕಾವತ್ತಿನಲ್ಲಿ. ಯೂನಿಕೋಡಿನಲ್ಲಿ ಅದು ಅಕ್ಷರಕ್ಕಿಂತ ಮುಂಚೆ ಬರುತ್ತದೆ, ಹಳೇ ಫಾಂಟುಗಳಲ್ಲಿ ಆಮೇಲೆ. ಈ ಹಿಂದುಮುಂದು ಸರಿಹೋಗದಿದ್ದರೆ ಅರ್ಕಾವತ್ತು ಜಾಗ ತಪ್ಪುತ್ತದೆ. ಹಳೇ ಫಾಂಟಿನಿಂದ ಯೂನಿಕೋಡಿಗೆ ತರುವಾಗ 'ಕಾರ್ಯಕ್ರಮ' ಎನ್ನುವುದು 'ಕಾಯರ್ಕ್ರಮ' ಆಗುವುದು ಹೀಗೇ. ಸುದ್ದಿ ತಾಣಗಳಲ್ಲಿ ನೀವೂ ಇದನ್ನು ನೋಡಿರುತ್ತೀರಿ. ಮದುವೆ ಹೆಣ್ಣಿನ ಹೆಸರು ಅರ್ಚನಾ ಎಂದಿದ್ದರೆ ಪ್ರೂಫನ್ನು ಎರಡು ಸಲ ಓದಿ, ಆಮೇಲೆ ಅಡ್ವಾನ್ಸ್ ಕೊಡಿ.