ಚಿಕ್ಕಂದಿನದ್ದು ನೆನಪಿಲ್ಲ ಅಂದ್ರೆ ಮೆಮೊರಿ ವೀಕಾ?

ಪ್ರಶ್ನೆ: ನಾನು ಮಂಗ್ಳೂರಿನವ. ಆಫೀಸಲ್ಲಿ ಕೆಲವರು 3 ವರ್ಷ ಇರುವಾಗ ಆದದ್ದೆಲ್ಲ ಹೇಳ್ತಾರೆ, ನಂಗೆ 5ರ ಮುಂಚಿನದ್ದು ಎಂತದೂ ನೆನಪಿಲ್ಲ. ಆದ್ರೆ ನಾನು ಹುಟ್ಟುವ ಮೊದ್ಲೇ, 1974ರ ನೆರೆಗೆ ಬಂಟ್ವಾಳದ ಅಜ್ಜನ ಮನೆಗೆ ನೀರು ನುಗ್ಗಿದ ಕಥೆ ಬಾಯಿಪಾಠ. ಇದೆಂತ ಹೀಗೆ?

ಉತ್ತರ: ತಲೆಬಿಸಿ ಮಾಡ್ಬೇಡಿ ಮಾರಾಯ್ರೆ, ಮೆಮೊರಿ ಸರಿಯೇ ಉಂಟು. ಕಾರ್ನೆಲ್ ಯುನಿವರ್ಸಿಟಿಯ ಚೀ ವಾಂಗ್ ಅಂತ ಮನಶ್ಶಾಸ್ತ್ರಜ್ಞೆ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಮತ್ತು ಚೀನಾದ ಕಾಲೇಜು ಮಕ್ಕಳ ಹತ್ರ ಅವರ ಮೊದಲ ನೆನಪು ಕೇಳಿದ್ರು, ಅಮೆರಿಕದವರದ್ದು ಸರಾಸರಿ ಮೂರೂವರೆ ವರ್ಷದ್ದು, ಚೀನಾದವರದ್ದು ಸುಮಾರು 6 ತಿಂಗಳು ತಡ. ಅಮೆರಿಕದವರ ನೆನಪಲ್ಲಿ ನಾನು, ನಂಗೆ ಹೀಗನ್ನಿಸ್ತು ಅನ್ನುದು ಜಾಸ್ತಿ, ಚೀನಾದವರದ್ದರಲ್ಲಿ ಮನೆಯವರು, ನೆರೆಕರೆಯವರು. ನ್ಯೂಜಿಲೆಂಡಿನ ಮಾವೋರಿಗಳಿಗೆ 3 ತುಂಬುವ ಮುಂಚಿನದ್ದೇ ನೆನಪುಂಟಂತೆ, ಅವರಲ್ಲಿ ಹಿಂದಿನದ್ದನ್ನು ಕೂತು ಹೇಳುದಕ್ಕೆ ಅಷ್ಟು ಬೆಲೆ.

ಅಂದ್ರೆ ಮನೆಯಲ್ಲಿ ನೆನಪನ್ನು ಎಂತಕ್ಕೆ ಬಳಸ್ತಾರೆ ಅನ್ನುದ್ರ ಮೇಲೆ ಉಂಟು ಇದು. ಅಮೆರಿಕದಲ್ಲಿ ಅಮ್ಮಂದಿರು ಮಗುವಿನ ಹತ್ರ ಆಗ ನಿಂಗೆ ಹೇಗಾಯ್ತು, ಯಾಕೆ ಅತ್ತೆ ಅಂತ ಕೆದಕಿ ಕೆದಕಿ ಕೇಳ್ತಾರೆ.

ನಮ್ಮಲ್ಲಿ? ಆಟಿ ಅಮಾವಾಸ್ಯೆಗೆ, ಅಂದ್ರೆ ತುಳುನಾಡಿನ ಮಳೆಗಾಲದ ಅಮಾವಾಸ್ಯೆಗೆ, ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಸುವಾಗ ನನ್ನಮ್ಮ ಪ್ರತಿ ವರ್ಷ ಒಂದೇ ಸಂಗತಿ ಹೇಳ್ತಿದ್ರು, ಅವರ ಸಣ್ಣಮಾವ ಬೆಳಕು ಹರಿಯುವ ಮುಂಚೆ ಹೋಗಿ ಕತ್ತಲೆಯಲ್ಲಿ ಗೊತ್ತಾಗದೆ ಕಾಸರಕದ ಕೆತ್ತೆ ತಂದದ್ದು, ಅಜ್ಜಿ ಚಿಮಿಣಿ ದೀಪಕ್ಕೆ ಹಿಡಿದು ಇದ್ರಲ್ಲಿ ಹಾಲಿನ ಗುರುತೇ ಇಲ್ಲ ಅಂತ ಅಂಗಳಕ್ಕೆ ಬಿಸಾಡಿದ್ದು, ವಿಷ ಅಲ್ವ ಅದು. ಆಗ ಅಮ್ಮನಿಗೆ ಹೆದರಿಕೆ ಆಯ್ತಾ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಮುಂಚಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿಡಿ ಅಂತ ಹೇಳ್ಲಿಕ್ಕೆ ಆ ಕಥೆ. ಕಷಾಯದ ಕಹಿ ನಾಲಗೆಯಲ್ಲಿ ಇರುವಾಗಲೇ ಕೇಳಿದ್ದು, ಮರೆಯುದು ಹೇಗೆ?

ನಿಮ್ಮ ನೆರೆಯ ಕಥೆಯೂ ಹಾಗೇ. ನೇತ್ರಾವತಿ ಕೆಂಪಾಗಿ ಏರುವಾಗ ಯಾರನ್ನು ಮೊದ್ಲು ಹೊರಗೆ ಕಳಿಸ್ಬೇಕು, ದನದ ಹಗ್ಗ ಯಾವಾಗ ಬಿಚ್ಬೇಕು, ಇದನ್ನೆಲ್ಲ ದಾಟಿಸ್ಲಿಕ್ಕೆ ಮನೆಯವರು ನೂರು ಸಲ ಹೇಳಿರ್ತಾರೆ. ನೀವು 3 ವರ್ಷದಲ್ಲಿ ಬಿದ್ದದ್ದು ಅತ್ತದ್ದು ಯಾರೂ ಎರಡನೇ ಸಲ ಎತ್ತಿರ್ಲಿಕ್ಕಿಲ್ಲ, ಅದು ಹೋಯ್ತು. ನಂಗಂತೂ ಇದ್ರಲ್ಲಿ ಸ್ವಲ್ಪ ಬೇಜಾರುಂಟು, ಎರಡೂ ಬೇಕಿತ್ತು ಅಂತ ಅನ್ನಿಸ್ತದೆ.

ಮನೆಯಲ್ಲಿ ಸಣ್ಣ ಮಕ್ಕಳಿದ್ರೆ ನೆರೆಯ ಕಥೆ ಖಂಡಿತ ಹೇಳಿ. ಮತ್ತೆ ಪಣಂಬೂರು ಬೀಚಿಂದ ಬಂದ ರಾತ್ರಿ ಹತ್ರ ಮಲಗಿಸಿಕೊಂಡು, ಅಲೆ ಬಂದು ಕಾಲಡಿಯ ಹೊಯ್ಗೆ ಜಾರಿತಲ್ಲ ಮಗಾ, ಆಗ ನಿಂಗೆ ಎಂತ ಅನ್ನಿಸ್ತು ಅಂತಲೂ ಕೇಳಿ.