ಮನಾಲಿಯಿಂದ ಲೇಹ್‌ಗೆ: ಅರ್ಧ ವರ್ಷದ ರಸ್ತೆ ವರ್ಷಪೂರ್ತಿ ಆಗುವುದು ಯಾವಾಗ?

ಬೇಸಿಗೆ ಬಂತು ಅಂದರೆ ಕಲಬುರಗಿ, ಬೀದರಿನ ಹುಡುಗರು ಬುಲೆಟ್‌ಗೆ ಲಗೇಜ್ ಕಟ್ಟಿಕೊಂಡು ಲಡಾಖ್ ಕಡೆ ಹೊರಡುತ್ತಾರೆ. ಇಲ್ಲಿ ಬಿಸಿಲು 43–44 ಡಿಗ್ರಿ ಸುಡುತ್ತಿರುವಾಗ ಅಲ್ಲಿ ಬುಲ್ಡೋಜರ್‌ಗಳು ರಸ್ತೆ ಮೇಲಿನ ಹಿಮ ತೆಗೆಯುತ್ತಿರುತ್ತವೆ. ವಾಪಸ್ ಬಂದವರು ಫೋಟೋ ತೋರಿಸುತ್ತಾರೆ, ಚಳಿ ಎಷ್ಟಿತ್ತು, ಉಸಿರು ಹೇಗೆ ಕಟ್ಟಿತು ಅಂತ ಹೇಳುತ್ತಾರೆ. ಆ ರಸ್ತೆ ಅಲ್ಲಿಗೆ ಯಾಕೆ ಬಂತು, ಯಾರಿಗೋಸ್ಕರ ಬಂತು ಅನ್ನುವ ಮಾತು ಮಾತ್ರ ಬರುವುದು ಕಡಿಮೆ.

ಮೊದಲು ದಾರಿ ನೋಡೋಣ. ಹಿಮಾಚಲ ಪ್ರದೇಶದ ಮನಾಲಿಯಿಂದ ಲಡಾಖ್‌ನ ಲೇಹ್‌ಗೆ ಈಗ ಸುಮಾರು 428 ಕಿ.ಮೀ. ಕೇಲಾಂಗ್, ದಾರ್ಚಾ ದಾಟಿದ ಮೇಲೆ ಬಾರಾಲಾಚಾ ಲಾ ಪಾಸ್ (ಪಾಸ್ ಅಂದರೆ ಬೆಟ್ಟ ದಾಟುವ ಕಣಿವೆ ದಾರಿ, ಅಲ್ಲಿಯವರ ‘ಲಾ’ ಅಂದರೂ ಅದೇ), ಆಮೇಲೆ ಸರ್ಚು. ಅಲ್ಲಿಂದ ಮುಂದೆ ಗಾಟಾ ಲೂಪ್ಸ್, ಒಂದರ ಮೇಲೊಂದು 21 ತಿರುವು. ಅದನ್ನು ಹತ್ತಿದರೆ ನಕೀ ಲಾ, ಲಾಚುಲುಂಗ್ ಲಾ, ಪಾಂಗ್, ಮೋರೆ ಬಯಲು. ಕೊನೆಗೆ ತಂಗ್ಲಾಂಗ್ ಲಾ, 5,300 ಮೀಟರ್‌ಗಿಂತ ಎತ್ತರ. ಅಲ್ಲಿಂದ ಇಳಿದರೆ ಉಪ್ಶಿಯಲ್ಲಿ ಸಿಂಧೂ ನದಿ ಸಿಗುತ್ತದೆ, ನದಿ ಪಕ್ಕದಲ್ಲೇ ಮುಂದೆ ಹೋದರೆ ಲೇಹ್. ಕೇಲಾಂಗ್‌ಗೂ ಮೊದಲು ಸಿಗುವ ತಾಂಡಿಯ ಪೆಟ್ರೋಲ್ ಬಂಕ್‌ನಲ್ಲಿ ‘ಮುಂದಿನ ಬಂಕ್ 365 ಕಿ.ಮೀ.’ ಅಂತ ಒಂದು ಬೋರ್ಡ್ ವರ್ಷಗಟ್ಟಲೆ ಇತ್ತು. ಕಲಬುರಗಿಯಿಂದ ಹೈದರಾಬಾದ್‌ಗೆ ಹೋಗುವ ದೂರಕ್ಕಿಂತ ಅದು ಎಷ್ಟೋ ಜಾಸ್ತಿ ಅಲ್ವಾ?

ಲಡಾಖ್‌ಗೆ ರಸ್ತೆ ಬೇಕು ಅನ್ನುವುದು ದೆಹಲಿಗೆ ಅರ್ಥವಾಗಿದ್ದು ಯುದ್ಧಗಳಿಂದ. ಪಾಕಿಸ್ತಾನದ ಜೊತೆಗಿನ ಮೊದಲ ಯುದ್ಧದಲ್ಲಿ, 1948ರ ನವೆಂಬರ್‌ನಲ್ಲಿ, ಶ್ರೀನಗರ ಕಡೆಯ ಜೋಜಿಲಾ ಪಾಸ್‌ಗೆ ಭಾರತೀಯ ಸೇನೆ ಟ್ಯಾಂಕ್ ಹತ್ತಿಸಿತು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದು ಅಂತ ಎದುರಾಳಿ ಎಣಿಸಿರಲೇ ಇಲ್ಲ. ಆ ಕಾರ್ಯಾಚರಣೆ ನಡೆಸಿದವರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯ. ಟ್ಯಾಂಕ್ ಹೋಗಲು ಬೆಟ್ಟ ಕಡಿದು ದಾರಿ ಮಾಡಿಕೊಟ್ಟವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್, ಅವರ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಹಿಮಾಲಯದ ರಸ್ತೆಗೂ ಕರ್ನಾಟಕಕ್ಕೂ ಇಷ್ಟು ಹಳೆಯ ನಂಟು ಇದೆ ಅನ್ನುವುದನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕು ಅನಿಸುತ್ತದೆ.

1960ರಲ್ಲಿ ಗಡಿ ರಸ್ತೆ ಸಂಸ್ಥೆ (ಬಿ.ಆರ್.ಒ.) ಶುರುವಾಯಿತು. 1962ರ ಚೀನಾ ಯುದ್ಧದ ನಂತರ ಗಡಿ ಕಡೆಯ ರಸ್ತೆ ಕೆಲಸಕ್ಕೆ ವೇಗ ಬಂತು. ಲೇಹ್‌ಗೆ ಆಗ ಮುಖ್ಯ ದಾರಿ ಶ್ರೀನಗರ, ಕಾರ್ಗಿಲ್ ಮೂಲಕ. ಮನಾಲಿ ಕಡೆಯದು ಎರಡನೇ ದಾರಿ, ಸಾಮಾನ್ಯ ಜನರ ಓಡಾಟಕ್ಕೆ ಸಿಕ್ಕಿದ್ದೇ 1989ರಲ್ಲಿ. ಅದರ ಬೆಲೆ ಎಲ್ಲರಿಗೂ ಗೊತ್ತಾಗಿದ್ದು 1999ರಲ್ಲಿ. ಕಾರ್ಗಿಲ್ ಬೆಟ್ಟಗಳ ಮೇಲೆ ಕೂತ ಶತ್ರು ಶ್ರೀನಗರ–ಲೇಹ್ ಹೆದ್ದಾರಿಗೇ ಗುರಿ ಇಟ್ಟು ಫಿರಂಗಿ ಹಾರಿಸುತ್ತಿದ್ದ. ಗಡಿ ರೇಖೆಯಿಂದ ದೂರ ಇರುವ ಮನಾಲಿ ರಸ್ತೆಗೆ ಆ ಭಯ ಇರಲಿಲ್ಲ.

ಅದಕ್ಕೆ ಇದ್ದ ಭಯ ಹಿಮದ್ದು. ಮನಾಲಿ ಬಿಟ್ಟ ಕೂಡಲೇ ಅಡ್ಡ ನಿಲ್ಲುತ್ತಿದ್ದದ್ದು 3,978 ಮೀಟರ್ ಎತ್ತರದ ರೋಹ್ತಾಂಗ್ ಪಾಸ್. ನವೆಂಬರ್ ಹೊತ್ತಿಗೆ ಮುಚ್ಚಿದರೆ ತೆರೆಯುತ್ತಿದ್ದದ್ದು ಬೇಸಿಗೆಗೆ. ಆಚೆ ಬದಿಯ ಲಾಹೌಲ್ ಜನರಿಗೆ ಅಷ್ಟೂ ದಿನ ಹೊರಗಿನ ದಾರಿ ಬಂದ್. ಹೆರಿಗೆ ಕಷ್ಟ ಆಯಿತು, ಎದೆನೋವು ಬಂತು ಅಂದರೆ ಹೆಲಿಕಾಪ್ಟರ್‌ಗೆ ಕಾಯಬೇಕು, ಅದೂ ಹವಾಮಾನ ಚೆನ್ನಾಗಿದ್ದರೆ. ಹಿಮದಲ್ಲೇ ನಡೆದು ದಾಟಲು ಹೋಗಿ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಹಾಗಾಗಿ ಈ ರಸ್ತೆಯನ್ನು ಅಳೆಯಬೇಕಾದ್ದು ಅದು ವರ್ಷಕ್ಕೆ ಎಷ್ಟು ತಿಂಗಳು ತೆರೆದಿರುತ್ತದೆ ಅನ್ನುವುದರಿಂದ ಅಂತ ನಾನು ನಂಬುತ್ತೇನೆ.

ಸುರಂಗದ ಕಥೆ ಅಲ್ಲಿಂದಲೇ ಹುಟ್ಟಿತು. ಪ್ರಧಾನಿ ವಾಜಪೇಯಿ ಅವರನ್ನು ಲಾಹೌಲ್‌ನ ಅವರ ಹಳೆಯ ಸ್ನೇಹಿತರೊಬ್ಬರು ಕಂಡು ರೋಹ್ತಾಂಗ್ ಕೆಳಗೆ ಸುರಂಗ ಬೇಕು ಅಂತ ಕೇಳಿದರು. 2000ದಲ್ಲಿ ಘೋಷಣೆ ಆಯಿತು, 2002ರಲ್ಲಿ ಸುರಂಗದ ಬಾಯಿಗೆ ಹೋಗುವ ರಸ್ತೆಗೆ ಅಡಿಗಲ್ಲು, 2010ರಲ್ಲಿ ಸುರಂಗದ ಕೆಲಸ ಶುರು. ಒಳಗೆ ಕೊರೆಯುತ್ತಾ ಹೋದಾಗ ಸೇರಿ ನಾಲೆಯ ಕೆಳಗೆ ಬಂಡೆ ಗಟ್ಟಿ ಇಲ್ಲ, ಪುಡಿಪುಡಿ. ಮೇಲಿನಿಂದ ನೀರು ಧೋ ಅಂತ ಸುರಿಯುತ್ತಿತ್ತು, ಕಡಿದಷ್ಟೂ ಕುಸಿಯುತ್ತಿತ್ತು. ಸುಮಾರು 587 ಮೀಟರ್ ಉದ್ದದ ಆ ತುಂಡು ದಾಟಲು ವರ್ಷಗಳೇ ಹಿಡಿದವು. 2017ರ ಅಕ್ಟೋಬರ್‌ನಲ್ಲಿ ಎರಡೂ ಕಡೆಯವರು ಒಳಗೆ ಸಂಧಿಸಿದರು. 9.02 ಕಿ.ಮೀ. ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ತೆರೆಯಿತು. ದೂರ ಕಡಿಮೆಯಾದದ್ದು 46 ಕಿ.ಮೀ. ಲಾಹೌಲ್‌ಗೆ ಚಳಿಗಾಲದಲ್ಲೂ ಆಸ್ಪತ್ರೆ ದಾರಿ ಸಿಕ್ಕಿತು.

ಅದೇ ತಿಂಗಳು ನಮ್ಮ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆ ಸೇತುವೆಗಳು ಮುಳುಗಿದ್ದವು. ಕೆಲವು ದಿನ ದಾರಿ ಇಲ್ಲದಿದ್ದರೆ ಊರಿನ ಪರಿಸ್ಥಿತಿ ಏನಾಗುತ್ತದೆ ಅನ್ನುವುದು ಆ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಟ್ಟಿದರೆ ಮುಗಿಯುವುದಿಲ್ಲ, ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ನಮ್ಮ ಕಡೆ ರಸ್ತೆ ಕೆಡಿಸುವುದು ಎರೆ ಮಣ್ಣು: ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ, ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಅಲ್ಲಿ ಕೆಡಿಸುವುದು ಬಿರುಕಿಗೆ ಇಳಿದ ನೀರು. ರಾತ್ರಿ ಅದು ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ, ಹೀಗೇ ದಿನಾ ಆಗಿ ಡಾಂಬರು ಎದ್ದು ಬರುತ್ತದೆ. ಚಳಿಯಲ್ಲಿ ಹೊಸ ಡಾಂಬರು ಹಾಕಲೂ ಆಗುವುದಿಲ್ಲ, ಕೆಲಸಕ್ಕೆ ಸಿಗುವುದು ವರ್ಷಕ್ಕೆ ಕೆಲವೇ ತಿಂಗಳು. ಆ ಕೆಲಸಗಾರರಲ್ಲಿ ತುಂಬಾ ಜನ ಜಾರ್ಖಂಡ್‌ನ ದುಮ್ಕಾ ಕಡೆಯವರು. ಬಯಲು ಸೀಮೆಯ ಬಡ ಕೂಲಿಗಳು, ನಮ್ಮವರು ಪುಣೆ, ಮುಂಬೈಗೆ ಗುಳೆ ಹೋದ ಹಾಗೆ ಗಾಳಿಯೇ ತೆಳುವಾದ ಆ ಎತ್ತರಕ್ಕೆ ಹೋಗುತ್ತಾರೆ. ಪ್ರವಾಸದ ಫೋಟೋಗಳಲ್ಲಿ ಅವರು ಇರುವುದೇ ಇಲ್ಲ, ಅದು ನನಗೆ ಬೇಜಾರಿನ ವಿಷಯ.

ಇಷ್ಟೆಲ್ಲ ಆದರೂ ದಾರ್ಚಾದ ಮುಂದಿನ ಪಾಸ್‌ಗಳು ಚಳಿಗಾಲದಲ್ಲಿ ಮುಚ್ಚುತ್ತವೆ. ಅದಕ್ಕೇ ದಾರ್ಚಾದಿಂದ ಪಕ್ಕಕ್ಕೆ ತಿರುಗಿ ಶಿಂಕು ಲಾ, ಪದುಮ್ ಮೂಲಕ ಲೇಹ್ ಹತ್ತಿರದ ನಿಮ್ಮುಗೆ ಹೋಗುವ 298 ಕಿ.ಮೀ. ರಸ್ತೆ ಮಾಡಿದ್ದಾರೆ, 2024ರ ಮಾರ್ಚ್‌ನಲ್ಲಿ ಅದು ಕೂಡಿಕೊಂಡಿತು. ಅದರಲ್ಲಿ ದೊಡ್ಡ ಪಾಸ್ ಒಂದೇ, ಶಿಂಕು ಲಾ. ಅದರ ಕೆಳಗೆ ಸುಮಾರು 15,800 ಅಡಿ ಎತ್ತರದಲ್ಲಿ 4.1 ಕಿ.ಮೀ. ಸುರಂಗಕ್ಕೆ 2024ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿನ, ಮೊದಲ ಸ್ಫೋಟ ಮಾಡಲಾಯಿತು. ಅದು ಮುಗಿದರೆ ಮನಾಲಿ ಕಡೆಯಿಂದ ಲೇಹ್‌ಗೆ ವರ್ಷಪೂರ್ತಿ ದಾರಿ.

ಅಲ್ಲಿಯವರೆಗೆ ನಮ್ಮ ಕಡೆಯಿಂದ ಹೋಗುವವರು ಜೂನ್ ಮಧ್ಯದಿಂದ ಸೆಪ್ಟೆಂಬರ್ ಒಳಗೆ ಹೋಗಿ ಬನ್ನಿ, ರಸ್ತೆ ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ. ಒಂದೇ ದಿನ ಲೇಹ್ ಮುಟ್ಟುತ್ತೇವೆ ಅನ್ನಬೇಡಿ, ದೇಹ ಆ ಎತ್ತರಕ್ಕೆ ಒಗ್ಗಬೇಕು. ಬೆಳಿಗ್ಗೆ ಬೇಗ ಬಿಡಿ, ಯಾಕಂದರೆ ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ರಸ್ತೆ ಮೇಲೆ ಹರಿಯುವ ಹಳ್ಳಗಳು ತುಂಬಿಕೊಳ್ಳುತ್ತವೆ.