ಮೂರನೇ ರಾತ್ರಿಯ ನಾಡಿ

ಕೋಲಾರದ ಕಡೆ ಬೋರ್ ಹಾಕಿಸಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಸಾವಿರ ಅಡಿ ಇಳಿದರೂ ಬರೀ ಧೂಳೇ ಎದ್ದರೆ ರಿಗ್ಗಿನವನ ಕೊರಳಪಟ್ಟಿ ಹಿಡಿಯುವುದಿಲ್ಲ. ಬಂಡೆಯಲ್ಲಿ ಬಿರುಕು ಸಿಗಲಿಲ್ಲ, ನಮ್ಮ ಗ್ರಹಚಾರ ಅಂದುಕೊಂಡು ಸಾಲದ ಲೆಕ್ಕ ಹಾಕುತ್ತಾರೆ. ಆದರೆ ಮೇಲಿನ ಸಡಿಲ ಮಣ್ಣಿಗೆ ಸಾಕಷ್ಟು ಕೇಸಿಂಗ್ ಪೈಪು ಇಳಿಸದೆ ಬೋರು ಕುಸಿಯಿತೋ, ಆಗ ಜಗಳ ಶುರು. ಹೋದ ದುಡ್ಡು ಎರಡರಲ್ಲೂ ಒಂದೇ.

ಆಸ್ಪತ್ರೆಯ ವರಾಂಡದಲ್ಲಿ ಮಾತ್ರ ನಾವು ಈ ಲೆಕ್ಕ ಮರೆಯುತ್ತೇವೆ. ಗುಣವಾದರೆ ಡಾಕ್ಟರ ಕೈಗುಣ, ಆಗದಿದ್ದರೆ ಡಾಕ್ಟರ ತಪ್ಪು. ಎಚ್ಚರವಾಗಿದ್ದರೂ ಎದುರಾಗುವ ತೊಡಕು ಬೇರೆ, ನಿರ್ಲಕ್ಷ್ಯ ಬೇರೆ.

ಪಿತ್ತಕೋಶದ ಕಲ್ಲಿನ ಆಪರೇಷನ್ನೇ ತೆಗೆದುಕೊಳ್ಳಿ. ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಪಿತ್ತಕೋಶದ ನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸುತ್ತಾರೆ. ಅದರ ಪಕ್ಕದಲ್ಲೇ ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳ ಇರುತ್ತದೆ. ಹಳೆಯ ಉರಿಯೂತದಿಂದ ಎಲ್ಲ ಅಂಟಿಕೊಂಡಿದ್ದರೆ ಒಂದು ಇನ್ನೊಂದರಂತೆ ಕಾಣುತ್ತದೆ. ಮುಖ್ಯ ನಾಳಕ್ಕೆ ಪೆಟ್ಟು ಬೀಳುವುದು ಸಾವಿರ ಆಪರೇಷನ್‌ಗಳಲ್ಲಿ ಸುಮಾರು ಮೂರರಿಂದ ಐದರಲ್ಲಿ, ಪಳಗಿದ ಕೈಗಳಲ್ಲೂ. ಹಾಗಾಗಿ ಪೆಟ್ಟು ಬಿತ್ತು ಎಂಬುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಲ್ಲ. ಕೇಳಬೇಕಾದ್ದು ಬೇರೆ. ಪಿತ್ತಕೋಶದೊಳಗೆ ಹೋಗುವುದು ಎರಡೇ ಎಳೆ (ಅದರ ನಾಳ ಮತ್ತು ಅದರ ರಕ್ತನಾಳ) ಎಂದು ಬಿಡಿಸಿ ನೋಡಿಕೊಂಡ ಮೇಲೆ ಕತ್ತರಿಸಿದರೇ? ಕಾಣದಿದ್ದಾಗ ಕೈ ತಡೆದು, ಹೊಟ್ಟೆ ತೆರೆಯುವುದನ್ನೋ ಮತ್ತೊಬ್ಬರನ್ನು ಕರೆಸುವುದನ್ನೋ ಯೋಚಿಸಿದರೇ?

ಇನ್ನೂ ದೊಡ್ಡ ಪ್ರಶ್ನೆ ಥಿಯೇಟರಿನ ಹೊರಗಿದೆ. ಪಿತ್ತರಸ ಸೋರತೊಡಗಿದರೆ ದೇಹ ಸುಮ್ಮನಿರುವುದಿಲ್ಲ. ನಾಡಿ ಓಡುತ್ತದೆ, ಜ್ವರ ಬರಬಹುದು, ಹೊಟ್ಟೆ ಉಬ್ಬುತ್ತದೆ, ನೋವು ಇಳಿಯುವ ಬದಲು ಏರುತ್ತದೆ. ಮೂರನೇ ದಿನವೂ ಹೀಗೇ ಇದ್ದರೆ ಸ್ಕ್ಯಾನ್ ಬೇಕು, ರಕ್ತಪರೀಕ್ಷೆ ಬೇಕು. ‘ಗ್ಯಾಸ್ ಇರಬೇಕು’ ಎಂದು ಮಾತ್ರೆ ಕೊಟ್ಟು ಹೋದರೆ? (ನಮ್ಮಲ್ಲಿ ಎದೆನೋವಿನಿಂದ ಬೆನ್ನುನೋವಿನವರೆಗೆ ಎಲ್ಲವೂ ಗ್ಯಾಸೇ. ರೋಗಿ ಹಾಗೆನ್ನಬಹುದು, ಡಾಕ್ಟರು ಅನ್ನಬಾರದು.) ಸೋರಿಕೆ ತೊಡಕು. ಸೋರುವ ಲಕ್ಷಣಗಳನ್ನು ನರ್ಸು ಚಾರ್ಟಿನಲ್ಲಿ ಬರೆದಿಟ್ಟಿದ್ದರೂ ಯಾರೂ ಓದದಿದ್ದರೆ ಅದು ನಿರ್ಲಕ್ಷ್ಯ.

ಇದಕ್ಕೆ ಲೆಕ್ಕದ ಆಧಾರವೂ ಇದೆ. 2009ರಲ್ಲಿ ಅಮೆರಿಕದ ಸಂಶೋಧಕರು 84 ಸಾವಿರಕ್ಕೂ ಹೆಚ್ಚು ಆಪರೇಷನ್‌ಗಳನ್ನು ಹೋಲಿಸಿದರು. ಹೆಚ್ಚು ಸಾವಿನ ಆಸ್ಪತ್ರೆಗಳಲ್ಲೂ ಕಡಿಮೆ ಸಾವಿನ ಆಸ್ಪತ್ರೆಗಳಲ್ಲೂ ತೊಡಕುಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಆದರೆ ದೊಡ್ಡ ತೊಡಕು ಬಂದ ರೋಗಿಗಳಲ್ಲಿ ಸತ್ತವರು ಒಂದು ಕಡೆ ಶೇ. 21.4, ಇನ್ನೊಂದು ಕಡೆ ಶೇ. 12.5. ತೊಡಕನ್ನು ಬೇಗ ಕಂಡುಹಿಡಿದು ಬೇಗ ಎದ್ದು ಓಡುವ ಕಡೆ ಹೆಚ್ಚು ಗಮನ ಬೇಕು ಎಂದರು ಸಂಶೋಧಕರು.

ಹೊಟ್ಟೆಯಲ್ಲಿ ಬಟ್ಟೆ ಬಿಟ್ಟು ಹೊಲಿಯುವುದಕ್ಕೆ ಇಷ್ಟು ವಿಚಾರಣೆ ಬೇಕಿಲ್ಲ, ಅದು ತಾನೇ ಸಾಕ್ಷಿ ಹೇಳುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೀರಿ ಎಂಬ ಮಾತಿಗೂ ಹೆದರಬೇಕಿಲ್ಲ. ಸಹಿ ಹಾಕಿದ್ದು ಅಪಾಯಕ್ಕೆ, ಅಸಡ್ಡೆಗಲ್ಲ.

ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ವೈದ್ಯರನ್ನು ಅಳೆಯುವ ಕೋಲು ಯಾವುದೆಂದು ಹೇಳಿದೆ. ದೇಶದ ಅತ್ಯುತ್ತಮ ತಜ್ಞರ ಮಟ್ಟವಲ್ಲ, ಆ ವಿದ್ಯೆಯ ಸಾಧಾರಣ ಪರಿಣತರ ಮಟ್ಟ. ಕ್ರಿಮಿನಲ್ ಕೇಸಿಗೆ ಸಾಮಾನ್ಯ ಎಡವಟ್ಟು ಸಾಲದು, ಘೋರ ನಿರ್ಲಕ್ಷ್ಯವೇ ಆಗಿರಬೇಕು. ಪರಿಹಾರ ಕೇಳಲು ಗ್ರಾಹಕರ ಆಯೋಗವಿದೆ, ದೂರಿಗೆ ಎರಡು ವರ್ಷದ ಗಡುವು.

ಗಾಜು ಒಡೆಯುವ ಮೊದಲು ಕೇಸ್ ಶೀಟ್ ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ನಿಯಮವೇ ಹೇಳುತ್ತದೆ. ಕೈಗೆ ಬಂದಮೇಲೆ ಎಲ್ಲರೂ ಆಪರೇಷನ್ನಿನ ಪುಟ ಹುಡುಕುತ್ತಾರೆ. ನಾನಾದರೆ ನರ್ಸು ಬರೆದ ಚಾರ್ಟಿನಿಂದ ಶುರುಮಾಡುತ್ತೇನೆ: ಮೂರನೇ ರಾತ್ರಿ ಎರಡು ಗಂಟೆಗೆ ನಾಡಿ ಎಷ್ಟಿತ್ತು, ಡ್ಯೂಟಿ ಡಾಕ್ಟರಿಗೆ ಯಾವಾಗ ಹೇಳಿದರು, ಅವರು ಎಷ್ಟು ಹೊತ್ತಿಗೆ ಬಂದರು.